ಹೊಗೆಗಿಂತ ಒಂದು ಊರು ಮುಂದೆ

ಮೊನ್ನೆ ಮಾನ್ವಿಗೆ ಹೊರಟಿದ್ದೆ. ರಾಯಚೂರು ದಾಟಿ ಕಾಲುವೆಯ ಸೀಮೆ ಶುರುವಾಗುತ್ತಿದ್ದಂತೆ ಬಸ್ಸಿನೊಳಕ್ಕೆ ಸುಟ್ಟ ಹುಲ್ಲಿನ ವಾಸನೆ ನುಗ್ಗಿತು. ಕಂಡಕ್ಟರು ಯಾರ ಮುಖವನ್ನೂ ನೋಡದೆ, ಕಿಟಕಿ ಹಾಕ್ಕೊಳ್ರಿ ಎಂದು ಒಂದೇ ಸಲ ಹೇಳಿದ. ಎಲ್ಲರೂ ಹಾಕಿಕೊಂಡರು. ಯಾರೂ ಬೈಯಲಿಲ್ಲ, ಯಾರೂ ಬೆರಗಾಗಲಿಲ್ಲ. ಈ ವಾಸನೆಗೆ ಒಂದು ಗುಣವಿದೆ. ಮೊದಲ ಉಸಿರಿಗೆ ಅದು ಹಿತವಾಗಿರುತ್ತದೆ, ಯಾರೋ ಅಕ್ಕಿ ಹುರಿಯುತ್ತಿದ್ದಾರೆ ಅನ್ನಿಸುತ್ತದೆ. ಎರಡನೆಯ ಉಸಿರಿಗೆ ಗಂಟಲು ಹಿಡಿಯುತ್ತದೆ. ನಾನೊಬ್ಬಳು ಮಾತ್ರ ಕಿಟಕಿ ಹಾಕಿರಲಿಲ್ಲ. ಪಕ್ಕದಲ್ಲಿದ್ದ ಹೆಂಗಸು ನನ್ನ ಮೇಲೆ ಬಗ್ಗಿ ತಾನೇ ಎಳೆದು ಹಾಕಿ, ಮಗುವಿನ ಮೂಗಿಗೆ ಸೆರಗು ಮುಚ್ಚಿ, ನನ್ನನ್ನು ದುರುಗುಟ್ಟಿ ನೋಡಿದಳು. ಅವಳು ಮಾಡಿದ್ದು ಸರಿಯೇ. ನನಗೆ ಮಾತ್ರ ಆ ಹೊತ್ತಿಗೆ ಕೈ ಏಳಲಿಲ್ಲ, ಚಿಗವ್ವನ ನೆನಪು ಬಂದು ಕೂತಿತ್ತು.

ನಾನು ಹೇಳುತ್ತಿರುವುದು ಒಂದು ಸುಗ್ಗಿಯ ಮಾತು. ಆಗ ನಾನು ರಾಯಚೂರಿನ ಒಂದು ಕಚೇರಿಯಲ್ಲಿ ಹೊಗೆ ನೋಡುವ ಕೆಲಸದಲ್ಲಿದ್ದೆ. ಹೀಗೆ ಹೇಳಿದರೆ ಊರಿನಲ್ಲಿ ನಗುತ್ತಿದ್ದರು, ಹೊಗೆ ನೋಡುವುದಕ್ಕೂ ಸಂಬಳ ಕೊಡುತ್ತಾರೆಯೇ ಎಂದು. ಕೊಡುತ್ತಿದ್ದರು, ತಡವಾಗಿ. ಭೂಗೋಳ ಓದಿದ್ದೆ, ಉಪಗ್ರಹದ ಚಿತ್ರ ಓದುವುದನ್ನು ಆಮೇಲೆ ಕಲಿತಿದ್ದೆ, ಯೋಜನೆ ಇರುವವರೆಗೆ ಎಂಬ ಷರತ್ತಿನ ಮೇಲೆ ತೆಗೆದುಕೊಂಡಿದ್ದರು. ಬೇಸಿಗೆಯಲ್ಲಿ ಧೂಳು, ಸುಗ್ಗಿಯಲ್ಲಿ ಹೊಗೆ. ಅದು ಎಲ್ಲಿ ಎದ್ದಿತು, ಯಾವ ಕಡೆ ಹೊರಟಿತು, ನಾಳೆ ಯಾವ ಊರಿನ ಮೇಲೆ ಬಂದೀತು ಎಂದು ನೋಡಿ ದವಾಖಾನೆಗಳಿಗೆ, ಶಾಲೆಗಳಿಗೆ ತಿಳಿಸಬೇಕು.

ಉಪಗ್ರಹ ಎಂದರೆ ಅದು ನಮ್ಮನ್ನೇ ನೋಡುತ್ತ ನಿಂತಿರುತ್ತದೆ ಎಂದು ಜನ ತಿಳಿದಿರುತ್ತಾರೆ. ಒಂದು ನಿಂತು ನೋಡುವುದು ನಿಜ. ಆದರೆ ಅದು ಬಹಳ ಎತ್ತರದಲ್ಲಿದ್ದು ಇಡೀ ದೇಶವನ್ನು ನೋಡಬೇಕಾದ್ದರಿಂದ ಅದರ ಕಣ್ಣು ಮಂದ. ಇನ್ನೊಂದು ಭೂಮಿಯನ್ನು ಸುತ್ತುತ್ತ ಮಧ್ಯಾಹ್ನ ಊಟದ ಹೊತ್ತಿಗೆ ನಮ್ಮ ತಲೆಯ ಮೇಲೆ ಹಾದುಹೋಗುತ್ತದೆ. ಅದರ ಕಣ್ಣು ಚುರುಕು, ನಿಲ್ಲುವ ವ್ಯವಧಾನವಿಲ್ಲ. ನೆಲದ ಮೇಲೆ ಬೆಂಕಿಯ ಬಿಸಿ ಕಂಡಲ್ಲಿ ಪರದೆಯ ಮೇಲೆ ಕೆಂಪು ಚುಕ್ಕೆ ಮೂಡುತ್ತದೆ. ಧೂಳು ತಿಳಿ ಕಂದು ಬಣ್ಣಕ್ಕೆ ಹರಡಿಕೊಂಡಿರುತ್ತದೆ, ಅದಕ್ಕೆ ಹುಟ್ಟಿದ ಜಾಗ ಇಂಥದ್ದೇ ಎಂದು ತೋರಿಸಲಾಗುವುದಿಲ್ಲ. ಹೊಗೆ ನೀಲಿ ಬೆರೆತ ಬೂದು. ಅದರ ಒಂದು ತುದಿ ಚುಕ್ಕೆಗೆ ಕಟ್ಟಿರುತ್ತದೆ, ಇನ್ನೊಂದು ತುದಿ ಗಾಳಿ ಎಳೆದಲ್ಲಿಗೆ. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎಂಬ ಗಾದೆಯನ್ನು ನಾನು ದಿನಾಲೂ ಕಣ್ಣಾರೆ ನೋಡುತ್ತಿದ್ದೆ.

ಚಿಗವ್ವ ಎಂದರೆ ನನ್ನ ಅವ್ವನ ತಂಗಿ, ನಾಗಮ್ಮ. ಅವಳ ಊರೂ ನಮ್ಮ ಊರೂ ಮಾನ್ವಿ ತಾಲ್ಲೂಕಿನ ಬಾಗಲವಾಡ. ಗಂಡ ತೀರಿದ ಮೇಲೆ ಎರಡು ಮಕ್ಕಳನ್ನು ಕಟ್ಟಿಕೊಂಡು ರಾಯಚೂರಿಗೆ ಬಂದು ಹತ್ತಿ ಮಿಲ್ಲಿನಲ್ಲಿ ದುಡಿದವಳು. ಹತ್ತಿಯಿಂದ ಬೀಜ ಬೇರೆ ಮಾಡುವ ಯಂತ್ರದ ಮುಂದೆ ವರ್ಷಗಟ್ಟಲೆ ನಿಂತಳು. ನನ್ನನ್ನೂ ಓದಲಿ ಎಂದು ಊರಿಂದ ಕರೆತಂದು ತನ್ನ ಮಕ್ಕಳ ಜೊತೆ ಇಟ್ಟುಕೊಂಡಳು. ಸಂಜೆ ಮನೆಗೆ ಬಂದಾಗ ಅವಳ ಕೂದಲು, ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಿರುತ್ತಿದ್ದವು. ನಾವು ಮಕ್ಕಳು ಮುದುಕಿ ಬಂದ್ಲು ಎಂದು ಕೂಗುತ್ತಿದ್ದೆವು. ಅವಳೂ ಬೆನ್ನು ಬಗ್ಗಿಸಿ, ಕೋಲಿಲ್ಲದೆ ಕೋಲೂರಿ, ಮುದುಕಿಯ ಹಾಗೆ ನಡೆದು ತೋರಿಸುತ್ತಿದ್ದಳು. ಮೂಗಿನೊಳಗೆ ಹೋದ ಹತ್ತಿಯನ್ನು ಯಾರೂ ನೋಡಲಿಲ್ಲ. ಮಗ ಮೌನೇಶ ಕೈಗೆ ಬಂದ ಮೇಲೆ ಮಿಲ್ಲು ಬಿಟ್ಟು ಅವನ ಜೊತೆ ಬಾಗಲವಾಡಕ್ಕೆ ಹೋದಳು. ಕೆಮ್ಮೂ ಅವಳ ಜೊತೆಗೇ ಹೋಯಿತು.

ಆ ವರ್ಷ ದೀಪಾವಳಿ ಕಳೆದ ಮೇಲೆ ಉಸಿರು ಸಿಕ್ಕಿಕೊಂಡು ನೀಲಿಯಾದಳು. ಮೌನೇಶ ರಾಯಚೂರಿನ ದವಾಖಾನೆಗೆ ತಂದು ಹಾಕಿದ. ಡಾಕ್ಟರು ಚಿತ್ರ ತೆಗೆಸಿ, ಊದಿಸಿ ನೋಡಿ, ನನ್ನನ್ನು ಒಳಗೆ ಕರೆದು ನೇರವಾಗಿ ಹೇಳಿದರು. ಶ್ವಾಸಕೋಶದಲ್ಲಿ ಉಳಿದಿರುವುದು ಸ್ವಲ್ಪ, ಆ ಸ್ವಲ್ಪವನ್ನು ಕಾಪಾಡಬೇಕು, ಈ ಸುಗ್ಗಿ ಮುಗಿಯುವವರೆಗೆ ಹೊಗೆ ಧೂಳು ಎರಡೂ ತಾಗಕೂಡದು, ಇನ್ನೊಮ್ಮೆ ಹೀಗೆ ಕಟ್ಟಿಕೊಂಡರೆ ಬಿಡಿಸುವುದು ಕಷ್ಟ. ಅದನ್ನೇ ಸ್ವಲ್ಪ ಮೆತ್ತಗೆ ಮಾಡಿ ಚಿಗವ್ವನಿಗೂ ಹೇಳಿದರು. ಅವಳು ಮೂಗಿನ ಮೇಲಿದ್ದ ನಳಿಕೆಯನ್ನು ಸರಿಸಿ ಕೇಳಿದಳು:

"ಹೊಗಿ ಬ್ಯಾಡ, ಧೂಳ ಬ್ಯಾಡ ಅಂದ್ರ ರಾಯಚೂರು ಜಿಲ್ಲಾದಾಗ ಎಲ್ಲಿರ್ಲೆಪ್ಪಾ ನಾನು?"

ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ. ಅವಳು ಕೇಳಿದ್ದು ನನ್ನ ಕೆಲಸದ ಪ್ರಶ್ನೆಯೇ ಆಗಿತ್ತು. ನಾಳೆ ಹೊಗೆ ಯಾವ ಊರಿಗೆ ಹೋಗುತ್ತದೆ ಎಂದು ಗೊತ್ತಿರುವವಳಿಗೆ ಯಾವ ಊರಿಗೆ ಹೋಗುವುದಿಲ್ಲ ಎಂದೂ ಗೊತ್ತಿರಬೇಕಲ್ಲ. ಚಿಗವ್ವನನ್ನು ಹೊಗೆಗಿಂತ ಒಂದು ಊರು ಮುಂದೆ ಇಟ್ಟೇ ಇಡುತ್ತೇನೆ ಎಂದು ಆ ದಿನವೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ. ಗಾಳಿ ಬಂದಾಗ ತೂರಿಕೋ ಎಂದರು ಹಿರಿಯರು. ಆ ಸುಗ್ಗಿಯಲ್ಲಿ ನಾನು ಗಾಳಿ ತಿರುಗಿದಾಗಲೆಲ್ಲ ಚಿಗವ್ವನನ್ನು ಬಸ್ಸು ಹತ್ತಿಸಿದೆ.

ಮೊದಲು ರಾಯಚೂರಿನ ನನ್ನ ಕೋಣೆಯಲ್ಲೇ ಇಟ್ಟುಕೊಂಡೆ. ಭತ್ತದ ಹೊಗೆ ಅಲ್ಲಿಗೆ ಅಷ್ಟಾಗಿ ಬರುತ್ತಿರಲಿಲ್ಲ, ಸುಗ್ಗಿಯ ದಿನಗಳಲ್ಲಿ ಗಾಳಿ ಮೂಡಣದಿಂದ ಬೀಸುತ್ತದೆ, ಮಾನ್ವಿಯ ಹೊಗೆಯನ್ನು ಪಡುವಣಕ್ಕೆ ಒಯ್ಯುತ್ತದೆ. ಆದರೆ ಮನೆಯ ಮುಂದೆ ರಸ್ತೆ ಅಗೆದು ಹಾಕಿದ್ದರು. ಭತ್ತದ ಲಾರಿ ಹೋದಾಗಲೆಲ್ಲ ಧೂಳೆದ್ದು ಒದ್ದೆ ಬಟ್ಟೆ ಕಟ್ಟಿದ ಕಿಟಕಿಯಿಂದಲೂ ಒಳಗೆ ಬರುತ್ತಿತ್ತು. ಇಂಥ ಧೂಳು ಯಾವ ಉಪಗ್ರಹಕ್ಕೂ ಕಾಣುವುದಿಲ್ಲ. ಒಂದು ದಿನ ಅವಳನ್ನು ಕಚೇರಿಗೆ ಕರೆದುಕೊಂಡು ಹೋಗಿ ಕೂರಿಸಿದೆ, ಅಲ್ಲಿ ಗಾಜು ಮುಚ್ಚಿದ ಕೋಣೆಯಿತ್ತು. ಪರದೆಯನ್ನು ಬಹಳ ಹೊತ್ತು ನೋಡಿದಳು.

"ಲೇ ಸುಮಿ, ನಿನ್ನ ಮುಗಿಲಾನ ಚುಕ್ಕಿ ಮ್ಯಾಲಿಂದ ಎಲ್ಲಾ ನೋಡಾಕತ್ತದ. ನನ್ನ ಕೆಮ್ಮ ಕೇಳಸ್ತದೇನು ಅದಕ?"

"ಕೇಳಸಂಗಿಲ್ಲ ಚಿಗವ್ವ. ಬರೇ ನೋಡ್ತದ."

"ಹಂಗಾದ್ರ ನಮ್ಮ ಮಿಲ್ಲಿನ ಸಾವ್ಕಾರ ಇದ್ದಂಗ ಅದ ಬಿಡು."

ಕೋಣೆಯಲ್ಲಿದ್ದವರೆಲ್ಲ ನಕ್ಕರು, ನಮ್ಮ ಸಾಹೇಬರೂ ನಕ್ಕರು. ಆಮೇಲೆ ಅವಳಿಗೆ ಕೆಮ್ಮು ಬಂತು, ನಗು ನಿಂತಿತು.

ಅಲ್ಲಿಂದ ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಗೆ ಕಳಿಸಿದೆ, ಮಗಳು ರೇಣುಕಾಳ ಮನೆಗೆ. ಮೊದಲ ವಾರ ಚೆನ್ನಾಗಿದ್ದಳು. ಮೊಮ್ಮಕ್ಕಳಿಗೆ ರೊಟ್ಟಿ ಬಡಿದು ಕೊಡುವಷ್ಟಾಗಿದ್ದಳಂತೆ. ಆಮೇಲೆ ಆ ಸೀಮೆಯಲ್ಲೂ ಭತ್ತದ ಕೊಯ್ಲು ಬಂತು, ಮಾನ್ವಿಯ ಹೊಗೆಯೂ ಅತ್ತಲೇ ತಿರುಗಿತು. ಒಂದು ಮಧ್ಯಾಹ್ನ ಪರದೆಯ ಮೇಲೆ ಜಾಲಹಳ್ಳಿ ಕಾಣದಷ್ಟು ದಟ್ಟವಾಗಿ ಹೊಗೆ ಹಬ್ಬಿತ್ತು. ಕೂಡಲೇ ಫೋನು ಮಾಡಿದರೆ ರೇಣುಕಾ, ಆಕಾಶ ಸ್ವಲ್ಪ ಮಬ್ಬಾಗಿದೆ ಅಷ್ಟೇ, ಅವ್ವ ಮಲಗಿದ್ದಾಳೆ ಎಂದಳು. ಹೊಗೆ ಮೇಲಿಂದ ಮೇಲೆಯೇ ಹೋಗಿತ್ತು. ಎರಡು ದಿನ ಬಿಟ್ಟು ಚಿತ್ರ ತೊಳೆದಿಟ್ಟ ಹಾಗೆ ಸ್ವಚ್ಛವಾಗಿತ್ತು, ನಾನು ನೆಮ್ಮದಿಯಿಂದ ಊಟಕ್ಕೆ ಕೂತಿದ್ದೆ, ಅವ್ವನಿಗೆ ಉಸಿರು ಹತ್ತುತ್ತಿಲ್ಲ ಎಂದು ರೇಣುಕಾ ಅಳುತ್ತ ಫೋನು ಮಾಡಿದಳು. ಹಿಂದಿನ ಸಂಜೆ, ಉಪಗ್ರಹ ದಾಟಿ ಹೋದ ಮೇಲೆ, ಊರ ಪಕ್ಕದಲ್ಲೇ ಸುಟ್ಟಿದ್ದರು. ಚಳಿಗೆ ಆ ಹೊಗೆ ಮೇಲೇಳದೆ ನೆಲಕ್ಕೆ ಕೂತು, ಬೆಳಗಿನವರೆಗೂ ಓಣಿಯೊಳಗೇ ಇತ್ತು. ನಾನು ಕಲಿತ ವಿದ್ಯೆಯ ಮೇಲೆ ನನಗೆ ಅಷ್ಟು ಸಿಟ್ಟು ಬಂದದ್ದು ಅದೇ ಮೊದಲು. ಹೊಗೆ ಎಲ್ಲಿದೆ ಎಂದು ಅದು ಹೇಳುತ್ತದೆ. ಯಾರ ಮೂಗಿನ ಮಟ್ಟದಲ್ಲಿದೆ ಎಂದು ಹೇಳುವುದಿಲ್ಲ.

ಮರುದಿನವೇ ಅವಳನ್ನು ಚಂದ್ರಬಂಡಕ್ಕೆ ಕರೆದೊಯ್ದೆ. ಅದು ಕಾಲುವೆ ಮುಟ್ಟದ ಒಣಬೇಸಾಯದ ಊರು, ಜೋಳ, ತೊಗರಿ, ಹತ್ತಿ. ಅಲ್ಲಿ ಮಲ್ಲಮ್ಮ ಎಂಬುವಳಿದ್ದಳು, ಮಿಲ್ಲಿನಲ್ಲಿ ಚಿಗವ್ವನ ಪಕ್ಕದ ಯಂತ್ರದಲ್ಲಿ ನಿಂತವಳು. ಕುರಿ ಕಾಯುವವರ ಮನೆತನ. ಊರ ಹೊರಗಿನ ಓಣಿಯ ನಮ್ಮವರು ಅವರ ಮನೆಯೊಳಗೆ ಮಲಗುವುದೆಂದರೆ ಆ ಊರಿನಲ್ಲಿ ಇಂದಿಗೂ ನಾಲ್ಕು ಜನ ತಿರುಗಿ ನೋಡುವ ಮಾತೇ. ಮಲ್ಲಮ್ಮನ ಮಾವ ಹೊರಗಿನ ಕಟ್ಟೆಯ ಮೇಲೆ ಕೂತು ಗೊಣಗಿದ. ಕುರಿಗಳು ಮಲಗುವ ಅಂಗಳದ ಧೂಳು ನಾಗಿಗೆ ಆಗುವುದಿಲ್ಲ ಎಂದು, ಮಲ್ಲಮ್ಮ ನಡುಮನೆಯಲ್ಲಿ ತನ್ನ ಹಾಸಿಗೆಯ ಪಕ್ಕಕ್ಕೇ ಕಂಬಳಿ ಹಾಸಿದಳು. ಅಷ್ಟೇ ಅಲ್ಲ, ಒಳಗಿನ ಒಲೆಯನ್ನು ಹಿತ್ತಲಿಗೆ ಸಾಗಿಸಿದಳು. ಮುದುಕ ಎರಡು ದಿನ ಮುಖ ತಿರುಗಿಸಿ ಕೂತಿದ್ದವನು ಮೂರನೆಯ ದಿನ ಚಿಗವ್ವನ ಬಾಯಲ್ಲಿ ಮಿಲ್ಲಿನ ಕಥೆ ಕೇಳುತ್ತ ಹೊಸ್ತಿಲಿಗೆ ಬಂದು ಕೂತನಂತೆ.

ಆ ದಿನಗಳೇ ನಮಗೆ ಸಿಕ್ಕ ಒಳ್ಳೆಯ ದಿನಗಳು. ಎಳ್ಳಮಾವಾಸ್ಯೆಗೆ ನಾನೂ ಹೋಗಿದ್ದೆ. ಆಳೆತ್ತರದ ಜೋಳದ ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ, ಸಜ್ಜೆಯ ಕಡುಬು, ಭರ್ತ, ಪುಂಡಿಪಲ್ಯೆ ಉಂಡೆವು. ಚಿಗವ್ವ ಹೊಲದ ಬದುವಿನ ಮೇಲೆ ಯಾರ ಕೈಯನ್ನೂ ಹಿಡಿಯದೆ ನಡೆದಳು. ಮೇಲೆ ನೋಡಿ, ಮುಗಿಲು ನೀಲಿ ಅದ ಅಂತ ನೆನಪೇ ಹೋಗಿತ್ತು ನೋಡು ಎಂದಳು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ: ಸುಡುವ ಕೆಲಸ ಇನ್ನೇನು ಮುಗಿಯುತ್ತ ಬಂದಿದೆ, ಎರಡನೆಯ ಬೆಳೆಗೆ ಗದ್ದೆ ನೀರು ತುಂಬಿಕೊಂಡರೆ ಬೆಂಕಿಗೆ ಜಾಗವಿಲ್ಲ, ಅಲ್ಲಿಯವರೆಗೆ ಇವಳು ಇಲ್ಲಿದ್ದರೆ ಗೆದ್ದೆವು. ಆ ದಿನ ನಾನು ನಿಜವಾಗಿಯೂ ಸುಖವಾಗಿದ್ದೆ.

ಅಷ್ಟರಲ್ಲಿ ಇನ್ನೊಂದು ಕಡೆ ಬೇರೆಯದೇ ನಡೆದಿತ್ತು. ಅದನ್ನು ಹೇಳಬೇಕಾದರೆ ನಮ್ಮೂರಿನ ದುಡಿಮೆಯ ರೀತಿ ಹೇಳಬೇಕು. ಮೊದಲು ಭತ್ತ ಕೊಯ್ಯುತ್ತಿದ್ದುದು ಕುಡುಗೋಲು, ಹುಲ್ಲು ದನಕ್ಕಾಗುತ್ತಿತ್ತು. ಈಗ ಮಿಷಿನ್ನು ಕೊಯ್ದು ಹುಲ್ಲನ್ನು ಚೂರು ಮಾಡಿ ಚೆಲ್ಲಿ ಹೋಗುತ್ತದೆ. ಕಾಲುವೆಗೆ ನೀರು ಬಿಡುವುದು ಇಷ್ಟೇ ದಿನ ಎಂದಿರುತ್ತದೆ, ಅಷ್ಟರೊಳಗೆ ಗದ್ದೆ ಹಸನಾಗಬೇಕು, ಕಡ್ಡಿ ಗೀರುವುದೇ ಎಲ್ಲಕ್ಕಿಂತ ಬೇಗ ಆಗುವ ಕೆಲಸ. ಆ ಕೆಲಸಕ್ಕೆ ಗದ್ದೆಯ ಮಾಲೀಕರು ತಾವು ಇಳಿಯುವುದಿಲ್ಲ. ನಮ್ಮ ಓಣಿಯ ಜನ ಗುಂಪು ಕಟ್ಟಿಕೊಂಡು ಗುತ್ತಿಗೆ ಹಿಡಿಯುತ್ತಾರೆ. ಸುಡುವುದು, ಬದು ಕಟ್ಟುವುದು, ಸಸಿ ಹಚ್ಚುವುದು, ಕಳೆ ತೆಗೆಯುವುದು, ಎಲ್ಲ ಒಂದೇ ಗುತ್ತಿಗೆ. ಸುಡುವುದಕ್ಕೆ ಬರದವನಿಗೆ ಸಸಿ ಹಚ್ಚುವುದರಲ್ಲೂ ಜಾಗವಿಲ್ಲ. ಮೌನೇಶ ಅಂಥ ಒಂದು ಗುಂಪಿನಲ್ಲಿದ್ದ. ಗಾಳಿಯ ದಿಕ್ಕು ನೋಡಿ ಯಾವ ಮೂಲೆಯಿಂದ ಹಚ್ಚಬೇಕು ಎಂಬುದನ್ನು ಅವನಿಗೇ ಬಿಡುತ್ತಿದ್ದರು.

ಅವ್ವ ಜಾಲಹಳ್ಳಿಯಲ್ಲಿದ್ದಾಗ ಅವನು ಒಮ್ಮೆ ಔಷಧಿ ಒಯ್ಯಲು ನನ್ನ ಕಚೇರಿಗೆ ಬಂದಿದ್ದ. ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಬೇಡವೆಂದರೂ ಕೇಳದೆ, ಕುರ್ಚಿಯ ತುದಿಯಲ್ಲಿ ಕೂತ. ನಾನು ಹಿಂದಿನ ದಿನದ ಚಿತ್ರ ನೋಡುತ್ತಿದ್ದೆ. ಅವನು ಸುಮ್ಮನೆ ನೋಡುತ್ತ ನೋಡುತ್ತ ಊರನ್ನು ಗುರುತು ಹಿಡಿದ. ಇದು ಹಳ್ಳ, ಇದು ಕಾಲುವೆಯ ತಿರುವು, ಇದು ಶಾಲೆಯ ಹಿಂದಿನ ಗದ್ದೆ ಎಂದು ಬೆರಳಿಟ್ಟು ಹೇಳಿದ. ಆಮೇಲೆ ಒಂದು ಕೆಂಪು ಚುಕ್ಕೆಯ ಮೇಲೆ ಬೆರಳು ನಿಂತಿತು.

"ಅಕ್ಕಾ, ಇದು ನಾ ಹಚ್ಚಿದ್ದು."

ಅವನ ಬೆರಳು ತಾನಾಗಿಯೇ ಹೊಗೆಯ ಗೆರೆ ಹಿಡಿದು ವಾಯವ್ಯಕ್ಕೆ ಸರಿಯಿತು, ನಿಧಾನಕ್ಕೆ, ಕಾಲುವೆ ದಾಟಿ, ಹೊಲ ದಾಟಿ. ಜಾಲಹಳ್ಳಿಯ ಹೆಸರು ಬರೆದಿದ್ದ ಕಡೆ ಬಂದು ನಿಂತಿತು. ನೂರಾರು ಚುಕ್ಕೆಗಳ ಹೊಗೆ ಕಲೆತು ಹೋಗಿರುತ್ತದೆ ಮೌನೇಶ, ಅದರಲ್ಲಿ ನಿನ್ನದು ಯಾವುದು ಎಂದು ಯಾರೂ ಹೇಳಲಾರರು ಎಂದೆ. ಅದು ನಿಜವೇ ಆಗಿತ್ತು. ಅವನು ತಲೆಯಾಡಿಸಿದ, ಔಷಧಿ ತೆಗೆದುಕೊಂಡು ಹೋದ. ಮರುದಿನದಿಂದ ಬೆಂಕಿ ಹಚ್ಚುವ ಕೆಲಸಕ್ಕೆ ಹೋಗಲಿಲ್ಲ. ಗುಂಪಿನವರು ಎರಡು ಸಲ ಕರೆದರು, ಮೂರನೆಯ ಸಲ ಕರೆಯಲಿಲ್ಲ. ಅವರನ್ನು ಬೈಯಲಾರೆ, ಒಬ್ಬ ಬಿಟ್ಟ ಕೆಲಸ ಉಳಿದವರ ಮೈಮೇಲೆ ಬೀಳುತ್ತದೆ. ಸಸಿ ಹಚ್ಚುವ ದಿನ ಬಂದಾಗ ಅವನೂ ಅವನ ಹೆಂಡತಿಯೂ ಮನೆಯಲ್ಲಿ ಕೂತಿದ್ದರು.

ಇದು ಚಂದ್ರಬಂಡಕ್ಕೆ ಮುಟ್ಟಿದ್ದು ಸಂಬಂಧಿಕರೊಬ್ಬರ ಫೋನಿನಿಂದ. ಎಳ್ಳಮಾವಾಸ್ಯೆ ಆಗಿ ನಾಲ್ಕಾರು ದಿನವಾಗಿತ್ತು. ನಾನು ಹೋಗುವಷ್ಟರಲ್ಲಿ ಚಿಗವ್ವ ಬಟ್ಟೆಯ ಗಂಟು ಕಟ್ಟಿ ಕೂತಿದ್ದಳು. ಮಲ್ಲಮ್ಮ ಅತ್ತು ಅತ್ತು ಸಾಕಾಗಿ ಸುಮ್ಮನಾಗಿದ್ದಳು. ನಾನು ಮೊದಲು ಬೇಡಿಕೊಂಡೆ, ಆಮೇಲೆ ಜಗಳವಾಡಿದೆ. ಇನ್ನು ಸ್ವಲ್ಪ ದಿನ, ಗದ್ದೆಗೆ ನೀರು ಬಂದು ಮುಗಿಯಲಿ ಎಂದೆ. ಡಾಕ್ಟರು ಹೇಳಿದ್ದನ್ನು ಈ ಸಲ ಮೆತ್ತಗೆ ಮಾಡದೆ ಇದ್ದ ಹಾಗೇ ಹೇಳಿದೆ. ಅವಳು ಪೂರ್ತಿ ಕೇಳಿದಳು.

"ನನ್ನ ಉಸುರು ಉಳಸಾಕ ಹೋಗಿ ಅವನ ಒಲಿ ಆರ್‍ಯಾದ ಸುಮಿ. ನಾ ಗುಣ ಆಗೇನಿ ಅಂತ ಮನ್ಯಾಗ ಹೋಗಿ ಕುಂತ್ರ ಅವ ಕೆಲಸಕ್ಕ ಹೋಗ್ತಾನ. ನಾ ಇಲ್ಲೆ ಕುಂತಷ್ಟ ದಿನ ಅವಗ ಕಡ್ಡಿ ಗೀರಾಕ ಕೈ ಬರಂಗಿಲ್ಲ."

"ನೀ ಹೋದ್ರ ಮತ್ತ ಏನಾಗ್ತದ ಅಂತ ಗೊತ್ತದಲ್ಲ ನಿನಗ?"

"ಗೊತ್ತದ. ನೀನ ಹೇಳಿದೆಲ್ಲ ಈಗ."

ಹಟ ಹಿಡಿದ ಚಿಗವ್ವನನ್ನು ಯಾರೂ ನಿಲ್ಲಿಸಿದ್ದಿಲ್ಲ. ಮಿಲ್ಲಿನ ದೊಡ್ಡ ಬಾಗಿಲು ಕಾಯುವವರೂ ನಿಲ್ಲಿಸಿದ್ದಿಲ್ಲ. ಮಲ್ಲಮ್ಮನ ಮಾವ ಬಸ್ ನಿಲ್ದಾಣದವರೆಗೆ ಗಂಟು ಹೊತ್ತು ತಂದ. ಬಸ್ಸಿನಲ್ಲಿ ಅವಳು ನನ್ನ ಹೆಗಲಿಗೆ ತಲೆ ಕೊಟ್ಟು ಮಲಗಿದಳು, ಹಗುರವಾಗಿದ್ದಳು. ಮಾನ್ವಿ ದಾಟಿದ ಮೇಲೆ ನಾನು ಎಲ್ಲ ಕಿಟಕಿಗಳನ್ನೂ ಎದ್ದು ಎದ್ದು ಹಾಕಿದೆ.

ಮನೆಗೆ ಹೋದವಳೇ ಮಗನನ್ನು ಗುಂಪಿನ ಮುಖ್ಯಸ್ಥನ ಮನೆಗೆ ಕಳಿಸಿದಳು. ತಾನು ಗುಣವಾಗಿ ಬಂದಿದ್ದೇನೆ, ಇನ್ನು ಇವನಿಗೆ ಅಡ್ಡಿಯಿಲ್ಲ ಎಂದು ಹೇಳಿಸಿದಳು. ಮೌನೇಶ ನನ್ನ ಮುಖ ನೋಡಿದ. ನಾನೇನು ಹೇಳಲಿ, ನನಗೆ ಅವಳ ಉಸಿರೂ ಬೇಕಿತ್ತು, ಅವನ ದುಡಿಮೆಯೂ ಬೇಕಿತ್ತು. ಒಂದನ್ನು ಹಿಡಿದರೆ ಒಂದು ಬಿಟ್ಟುಹೋಗುವ ಹಾಗೆ ಈ ಸೀಮೆಯನ್ನು ಯಾರು ಹೊಲಿದಿದ್ದಾರೋ. ಅವನನ್ನು ಗುಂಪಿಗೆ ಸೇರಿಸಿಕೊಂಡರು. ತಡವಾಗಿ ಕೊಯ್ದ ಗದ್ದೆಗಳು ಊರ ಸುತ್ತ ಇನ್ನೂ ಉಳಿದಿದ್ದವು.

ನಾನು ರಾಯಚೂರಿಗೆ ಮರಳಿದೆ. ಬೆಳಿಗ್ಗೆ ಸಂಜೆ ಫೋನು. ಇವತ್ತು ಊರಿನ ಈ ಕಡೆ ಸುಡುತ್ತಾರೆ, ಆ ಕಡೆಯ ಕೋಣೆಗೆ ಹೋಗು, ಬಾಗಿಲಿಗೆ ಒದ್ದೆ ಚಾದರ ಕಟ್ಟು ಎಂದು ಹೇಳುತ್ತಿದ್ದೆ. ಕೋಣೆ ಇದ್ದದ್ದು ಒಂದೇ. ಹ್ಞೂಂ ಹ್ಞೂಂ ಎಂದು ಕೇಳಿಸಿಕೊಳ್ಳುತ್ತಿದ್ದಳು, ಅವಳ ಹ್ಞೂಂ ದಿನದಿಂದ ದಿನಕ್ಕೆ ಗಿಡ್ಡವಾಗುತ್ತ ಬಂತು. ಸಂಕ್ರಾಂತಿಗೆ ಇನ್ನೇನು ಎರಡು ದಿನವಿದೆ ಎನ್ನುವಾಗ ಬೆಳಿಗ್ಗೆ ಎದ್ದು, ನೀರು ಕೇಳಿ ಕುಡಿದು, ಗೋಡೆಗೆ ಒರಗಿ ಕೂತವಳು ಹಾಗೆಯೇ ಹೋದಳು. ಓಡಿ ಬಂದು ಕೈ ಹಿಡಿಯುವಷ್ಟು ಹೊತ್ತೂ ಕೊಡಲಿಲ್ಲ. ಆ ಬೆಳಿಗ್ಗೆ ಓಣಿಯ ತುಂಬ ಹಿಂದಿನ ಸಂಜೆಯ ಹೊಗೆ ಮೊಣಕಾಲೆತ್ತರಕ್ಕೆ ನಿಂತಿತ್ತಂತೆ.

ನಮ್ಮ ಓಣಿಯಲ್ಲಿ ಒಂದು ರೂಢಿಯಿದೆ. ಹೆಣ ಇರುವವರೆಗೆ ಯಾರ ಮನೆಯಲ್ಲೂ ಬೆಂಕಿ ಮುಟ್ಟುವುದಿಲ್ಲ. ಒಲೆ ಹಚ್ಚುವುದಿಲ್ಲ, ದೊಡ್ಡವರು ಬೀಡಿಗೂ ಕಡ್ಡಿ ಗೀರುವುದಿಲ್ಲ, ಕೂಲಿಗಂತೂ ಹೋಗುವುದೇ ಇಲ್ಲ. ಮಕ್ಕಳಿಗೆ ಪಕ್ಕದ ಓಣಿಯವರು ಚಹಾ, ರೊಟ್ಟಿ ತಂದು ಕೊಡುತ್ತಾರೆ. ಜಾಲಹಳ್ಳಿಯಿಂದ ರೇಣುಕಾ ಬರಬೇಕಿತ್ತು, ಚಂದ್ರಬಂಡದಿಂದ ಮಲ್ಲಮ್ಮ ಬರಬೇಕಿತ್ತು, ಕಾದೆವು. ಸುಡುವ ಗುಂಪುಗಳವರೆಲ್ಲ ಬೆಳಗಿನಿಂದ ಅಂಗಳದಲ್ಲೇ ಕೂತಿದ್ದರು. ಗದ್ದೆಯ ಮಾಲೀಕನ ಕಡೆಯಿಂದ ಒಬ್ಬ ಬಂದು ದೂರದಲ್ಲಿ ನಿಂತು ನೋಡಿ, ಏನೂ ಕೇಳದೆ ತಿರುಗಿ ಹೋದ. ಸಂಜೆ ಬುದ್ಧವಂದನೆ ಹೇಳಿ ಮಣ್ಣು ಮಾಡಿದೆವು. ಮೌನೇಶ ಮೂರು ಹಿಡಿ ಮಣ್ಣು ಹಾಕಿ, ನಾಲ್ಕನೆಯದನ್ನು ಕೈಯಲ್ಲೇ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದ. ಯಾರೋ ಅವನ ಮುಷ್ಟಿ ಬಿಡಿಸಿದರು.

ಮೂರು ದಿನದ ಕಾರ್ಯ ಮುಗಿಸಿ ನಾನು ಕಚೇರಿಗೆ ಹೋದೆ. ಮನೆಯಲ್ಲಿ ಕೂತರೆ ಅವಳು ಹಾಸಿದ್ದ ಚಾಪೆಯೇ ಕಾಣುತ್ತಿತ್ತು, ಕೆಲಸವಾದರೂ ಇರಲಿ ಎಂದು ಹೋದೆ. ನಾನಿಲ್ಲದ ದಿನಗಳ ಚಿತ್ರಗಳನ್ನು ಸಾಹೇಬರು ತಾವೇ ನೋಡುತ್ತ ಕೂತಿದ್ದರು. ಏನೋ ತಪ್ಪಾಗಿದೆ ನೋಡ್ರಿ ಎಂದು ಒಂದು ಚಿತ್ರ ತೆರೆದು ತೋರಿಸಿದರು. ಮಧ್ಯಾಹ್ನದ ಚಿತ್ರ. ಮಾನ್ವಿಯ ಸುತ್ತ ಕೆಂಪು ಚುಕ್ಕೆಗಳು ಚೆಲ್ಲಿದ್ದವು, ಎಲ್ಲದರಿಂದಲೂ ಹೊಗೆ ಎದ್ದು ಪಡುವಣಕ್ಕೆ ಬಾಗಿತ್ತು. ನಡುವೆ ಒಂದು ಕಡೆ ಮಾತ್ರ ಏನೂ ಇರಲಿಲ್ಲ. ಗದ್ದೆ, ಕಾಲುವೆಯ ತಿರುವು, ಶಾಲೆ, ನಮ್ಮ ಓಣಿಯ ತಗಡುಗಳು ಎಲ್ಲ ಒರೆಸಿ ಇಟ್ಟ ಹಾಗೆ ಕಾಣುತ್ತಿದ್ದವು. ಆ ಸುಗ್ಗಿಯಲ್ಲಿ ಬಾಗಲವಾಡವನ್ನು ಅಷ್ಟು ನಿಚ್ಚಳವಾಗಿ ನಾನು ಒಮ್ಮೆಯೂ ನೋಡಿರಲಿಲ್ಲ.

"ಹಿಂದಿನ ದಿನ ಅದ, ಮರುದಿನ ಅದ. ಇದೊಂದೇ ದಿನ ಬಾಗಲವಾಡದಾಗ ಒಂದೂ ಚುಕ್ಕಿ ಇಲ್ಲ," ಎಂದರು ಸಾಹೇಬರು. "ಮೋಡ ಏನರ ಅಡ್ಡ ಬಂದಿತ್ತೇನ್ರಿ?"

ನಾನು ಚಿತ್ರವನ್ನೇ ನೋಡುತ್ತ ಹೇಳಿದೆ.

"ಮೋಡ ಇರ್ಲಿಲ್ರೀ ಸರ್. ಅವತ್ತು ನಮ್ಮ ಚಿಗವ್ವ ತೀರಿದ್ಲು."